ಕಲಬುರಗಿ ಬಿಸಿಲಲ್ಲಿ ಸೂರಕ್ಕಿಗೆ ಸಕ್ಕರೆ ನೀರು ಇಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಹಿತ್ತಲಲ್ಲಿ ದಾಸವಾಳ, ನುಗ್ಗೆ ಇವೆ. ಸೂರಕ್ಕಿಗಳು ಬರುತ್ತವೆ. ಅವುಗಳಿಗಂತ ಆನ್‌ಲೈನ್‌ನಲ್ಲಿ ಕೆಂಪು ಹೂವಿನ ಆಕಾರದ ತೂತುಗಳಿರುವ ಬಾಟಲಿ ಫೀಡರ್ ತರಿಸಿದೆ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅಂತ ನಮ್ಮ ಅತ್ತೆ ಹೇಳಿದ್ದಕ್ಕೆ ಬೆಲ್ಲದ ನೀರು ತುಂಬಿಸಿ ಮಾಳಿಗೆ ಮೇಲೆ ತೂಗುಹಾಕಿದೆ. ಹತ್ತು ದಿನ ಆಯಿತು, ಒಂದು ಹಕ್ಕಿಯೂ ಬರಲಿಲ್ಲ. ಇರುವೆ ಮತ್ತು ಜೇನುನೊಣ ಮಾತ್ರ ಮುತ್ತಿವೆ. ನೀರು ಹುಳಿ ವಾಸನೆ ಬರ್ತಿದೆ, ಬಾಟಲಿ ಒಳಗೆ ಕಪ್ಪು ಚುಕ್ಕಿ ಎದ್ದಿವೆ. ಎಲ್ಲಿ ತಪ್ಪಾಯಿತು? ಮುಂದುವರಿಸಲಾ, ಬಿಟ್ಟುಬಿಡಲಾ?

ಉತ್ತರ: ಮೊದಲು ಆ ಬಾಟಲಿಯನ್ನು ಇವತ್ತೇ ಕೆಳಗಿಳಿಸಿ. ಒಳಗಿನ ನೀರನ್ನು ಗಿಡದ ಬುಡಕ್ಕೂ ಹಾಕಬೇಡಿ, ಮತ್ತೆ ಇರುವೆ ಮುತ್ತುತ್ತವೆ. ಬಚ್ಚಲಿಗೆ ಸುರಿದುಬಿಡಿ. ಹುಳಿ ವಾಸನೆ ಬಂದಿದೆ ಅಂದರೆ ನೀರು ಹುದುಗಿದೆ. ಕಪ್ಪು ಚುಕ್ಕಿ ಅಂದರೆ ಬೂಷ್ಟು. ಅಂಥ ನೀರು ಕುಡಿದ ಹಕ್ಕಿಯ ಬಾಯಿ, ನಾಲಿಗೆಗೆ ಸೋಂಕು ತಗಲುವ ಅಪಾಯ ಇದೆ. ಹತ್ತು ದಿನದಲ್ಲಿ ಒಂದೂ ಹಕ್ಕಿ ಕುಡಿಯಲಿಲ್ಲವಲ್ಲ, ಅದು ಒಳ್ಳೆಯದೇ ಆಯಿತು.

ಮುಂದುವರಿಸಲಾ ಬಿಡಲಾ ಅಂತ ಕೇಳಿದ್ದೀರಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಫೀಡರ್ ಇಳಿಸಿ, ತೊಳೆದು, ಹೊಸ ನೀರು ಹಾಕುವುದು ನಿಮ್ಮಿಂದ ಆಗುತ್ತದೆ ಎಂದಾದರೆ ಖಂಡಿತ ಮುಂದುವರಿಸಿ. ವಾರಕ್ಕೊಮ್ಮೆ ನೋಡಿಕೊಳ್ಳುತ್ತೇನೆ ಎನ್ನುವ ಹಾಗಿದ್ದರೆ ದಯವಿಟ್ಟು ಬೇಡ. ನಿಮ್ಮ ಹಿತ್ತಲಿನ ದಾಸವಾಳ, ನುಗ್ಗೆಯೇ ಆ ಹಕ್ಕಿಗಳನ್ನು ನೋಡಿಕೊಳ್ಳುತ್ತಿವೆ. ಕೊಳೆತ ಸಕ್ಕರೆ ನೀರಿಗಿಂತ ಖಾಲಿ ಕೊಂಬೆ ಎಷ್ಟೋ ಮೇಲು. ಫೀಡರ್ ಮಾರುವವರು ತುಂಬಿಸುವುದನ್ನು ಮಾತ್ರ ಹೇಳುತ್ತಾರೆ. ನಿಜವಾದ ಕೆಲಸ ಇರುವುದೆಲ್ಲ ತೊಳೆಯುವುದರಲ್ಲಿ.

ಈಗ ಬೆಲ್ಲದ ವಿಷಯ. ನಿಮ್ಮ ಅತ್ತೆಯವರ ಮಾತು ನನಗೆ ಅರ್ಥವಾಗುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಭಾಗದ ಪದ್ಧತಿ. ಅದೇ ಪ್ರೀತಿಯಿಂದ ಹಕ್ಕಿಗೂ ಹೇಳಿದ್ದಾರೆ. ಆದರೆ ನಮಗೆ ಒಳ್ಳೆಯದಾದದ್ದೆಲ್ಲ ಹತ್ತು ಗ್ರಾಂ ಕೂಡ ತೂಗದ ಹಕ್ಕಿಗೆ ಒಳ್ಳೆಯದಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶ ಮತ್ತು ಬೇರೆ ಲವಣಗಳು ಇರುತ್ತವೆ. ಹೂವಿನ ಮಕರಂದದಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಕರಂದ ಕುಡಿದು ಬದುಕುವ ಹಕ್ಕಿಗೆ ಜಾಸ್ತಿ ಕಬ್ಬಿಣ ತೊಂದರೆ ಕೊಡುತ್ತದೆ. ಅಲ್ಲದೆ ಬೆಲ್ಲದ ನೀರು ಸಕ್ಕರೆ ನೀರಿಗಿಂತ ಬೇಗ ಕೆಡುತ್ತದೆ. ಜೇನುತುಪ್ಪವೂ ಹಾಗೆಯೇ: ನೀರು ಬೆರೆಸಿದ ತಕ್ಷಣ ಅದರಲ್ಲಿ ಬೂಷ್ಟು ಬೆಳೆಯಲು ಶುರು. ಗ್ಲೂಕೋಸ್ ಪುಡಿ, ಓಆರ್‌ಎಸ್, ಗುಲಾಬಿ ಶರಬತ್ತು, ಶುಗರ್ ಇದ್ದವರು ಹಾಕಿಕೊಳ್ಳುವ ಸಿಹಿ ಮಾತ್ರೆ, ಇದ್ಯಾವುದೂ ಬೇಡ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಳಿ ಸಕ್ಕರೆ ಮಾತ್ರ. ಮಕರಂದದಲ್ಲಿ ಇರುವ ಸಿಹಿಗೆ ಹತ್ತಿರದ್ದು ಅದೇ. ಅತ್ತೆಯವರಿಗೆ ಇಷ್ಟು ಹೇಳಿದರೆ ಒಪ್ಪುತ್ತಾರೆ.

ಅಳತೆ ಸುಲಭ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು. ಚಮಚದಲ್ಲಿ ಅಳೆದರೆ ಎರಡೂ ಚಮಚದಲ್ಲಿ, ಲೋಟದಲ್ಲಿ ಅಳೆದರೆ ಎರಡೂ ಲೋಟದಲ್ಲಿ. ಇದಕ್ಕಿಂತ ಗಟ್ಟಿ ಮಾಡಬೇಡಿ. ಬಿಸಿಲಲ್ಲಿ ಹಕ್ಕಿಗೆ ಸಿಹಿಯಷ್ಟೇ ನೀರೂ ಬೇಕು. ಏಪ್ರಿಲ್, ಮೇನಲ್ಲಿ ಒಂದಕ್ಕೆ ಐದು ಪಾಲು ನೀರು ಹಾಕಿದರೂ ನಡೆಯುತ್ತದೆ, ಜೇನುನೊಣದ ಕಾಟವೂ ಸ್ವಲ್ಪ ತಗ್ಗುತ್ತದೆ. ನೀರನ್ನು ಕುದಿಸಿ, ಇಳಿಸಿ, ಸಕ್ಕರೆ ಕರಗಿಸಿ, ಪೂರ್ತಿ ತಣ್ಣಗಾದ ಮೇಲೆ ಹಾಕಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಮನೆಯಲ್ಲಿ ಕುಡಿಯುವ ನೀರನ್ನೇ ಬಳಸಿ. ಬೋರಿನ ನೀರಿನಿಂದ ತೂತಿನ ಸುತ್ತ ಬಿಳಿ ಕಲೆ ಗಟ್ಟಿಯಾಗಿ ಕೂರುತ್ತದೆ, ಆ ಒರಟಿನಲ್ಲಿ ಬೂಷ್ಟು ಅಂಟಿಕೊಳ್ಳುತ್ತದೆ. ನೀರಿಗೆ ಕೆಂಪು ಬಣ್ಣ ಹಾಕುವ ಅಗತ್ಯವೇ ಇಲ್ಲ. ಫೀಡರ್‌ನ ಪ್ಲಾಸ್ಟಿಕ್ ಹೂವೇ ಕೆಂಪಗಿದೆ ಅಲ್ವಾ, ಅಷ್ಟು ಸಾಕು.

ಒಂದು ಸಲಕ್ಕೆ ಎಷ್ಟು ಹಾಕಬೇಕು ಎನ್ನುವಲ್ಲೇ ಎಲ್ಲರೂ ಎಡವುತ್ತಾರೆ. ಬಾಟಲಿ ಅರ್ಧ ಲೀಟರಿನದು ಅಂತ ಅರ್ಧ ಲೀಟರ್ ತುಂಬಿಸುತ್ತಾರೆ. ಸೂರಕ್ಕಿ ಹೆಬ್ಬೆರಳಿನಷ್ಟಿರುವ ಹಕ್ಕಿ. ಕೊಕ್ಕಿನಿಂದ ಬಾಲದ ತುದಿವರೆಗೆ ಹತ್ತು ಸೆಂಟಿಮೀಟರ್ ಆಸುಪಾಸು. ಅದು ದಿನವಿಡೀ ಬಂದು ಕುಡಿದರೂ ಎಷ್ಟು ಕುಡಿದೀತು? ನಲವತ್ತು, ಐವತ್ತು ಎಂಎಲ್ ಹಾಕಿ, ಸಾಕು. ಟೀ ಅಂಗಡಿಯ ಸಣ್ಣ ಕಪ್ಪಿನಷ್ಟು. ಉಳಿದ ಸಕ್ಕರೆ ನೀರನ್ನು ಮುಚ್ಚಳದ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬಳಸಬಹುದು. ಕೊಡುವ ಮೊದಲು ಸ್ವಲ್ಪ ಹೊತ್ತು ಹೊರಗಿಟ್ಟು ತಣುಪು ಬಿಡಿಸಿ. ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮಬ್ಬಾಗಿ ಕಂಡರೆ ಚೆಲ್ಲಿಬಿಡಿ.

ನಮ್ಮೂರ ಬಿಸಿಲನ್ನು ಮರೆತರೆ ಫೀಡರ್ ಇಡಲು ಆಗುವುದಿಲ್ಲ. ತಂಪು ದೇಶದವರು ಬರೆದ ಸೂಚನೆಯಲ್ಲಿ ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ ಎಂದಿರುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳಿನಲ್ಲಿ 42, 43 ಡಿಗ್ರಿ ಮಾಮೂಲು. ಆ ಸೆಕೆಗೆ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹೇಗೆ ಹುಳಿಯಾಗುತ್ತದೋ ಸಕ್ಕರೆ ನೀರೂ ಹಾಗೆಯೇ. ಗಾಳಿಯಲ್ಲಿರುವ ಯೀಸ್ಟ್ ಅದರಲ್ಲಿ ಬಿದ್ದು, ಸಕ್ಕರೆ ತಿಂದು, ಹುದುಗಿಸಿಬಿಡುತ್ತದೆ. ಹಾಗಾಗಿ ಮಾರ್ಚ್ ನಡುವಿನಿಂದ ಮಳೆ ಬೀಳುವವರೆಗೆ ದಿನಾ ಬದಲಿಸಲೇಬೇಕು. ಸಾಧ್ಯವಾದರೆ ಬೆಳಿಗ್ಗೆ ಇಟ್ಟದ್ದನ್ನು ಮಧ್ಯಾಹ್ನ ತೆಗೆದು, ನಾಲ್ಕು ಗಂಟೆಯ ಮೇಲೆ ಹೊಸದು ಇಡಿ. ನಡು ಮಧ್ಯಾಹ್ನ ಹಕ್ಕಿಗಳು ಹೇಗೂ ಎಲೆ ಮರೆಯಲ್ಲಿ ಸುಮ್ನೆ ಕೂತಿರುತ್ತವೆ. ಮಳೆಗಾಲದಲ್ಲಿ ಸೆಕೆ ಕಡಿಮೆ, ಆದರೆ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಬದಲಿಸಿ, ಮಳೆ ನೀರು ಒಳಗೆ ಸೇರಿದ್ದರೆ ಆಗಲೇ ಬದಲಿಸಿ. ಚಳಿಗಾಲದಲ್ಲಿ ಎರಡು, ಮೂರು ದಿನ ನಡೆಯುತ್ತದೆ.

ಮಾಳಿಗೆ ಮೇಲೆ ಇಟ್ಟದ್ದು ಇನ್ನೊಂದು ತೊಂದರೆ ಮಾಡಿದೆ. ನೀವು ತರಿಸಿದ್ದು ತಲೆಕೆಳಗಾಗಿ ನಿಲ್ಲುವ ಬಾಟಲಿ ಅನ್ನಿಸುತ್ತದೆ. ಅದರ ಮೇಲ್ಭಾಗದಲ್ಲಿ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. ಬಿಸಿಲಿಗೆ ಆ ಗಾಳಿ ಹಿಗ್ಗಿ ಕೆಳಗಿನ ನೀರನ್ನು ತೂತಿನಿಂದ ಹೊರಗೆ ನೂಕುತ್ತದೆ. ತೊಟ್ಟಿಕ್ಕಿದ ಸಿಹಿ ನೀರು ಕೆಳಗೆ ಬೀಳುತ್ತದೆ, ಇರುವೆ ಸಾಲು ಹಿಡಿಯುತ್ತವೆ, ಹಿಂದೆಯೇ ಜೇನುನೊಣ. ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಆಗಿದ್ದರೆ ಸಂಜೆ ಏಳಾದರೂ ಕಲ್ಲಿನ ಕಾವು ಆರುವುದಿಲ್ಲ, ಅಲ್ಲಿ ಹಕ್ಕಿ ಯಾಕೆ ಕೂರುತ್ತದೆ ಹೇಳಿ. ಫೀಡರ್ ಅನ್ನು ಹಿತ್ತಲಿಗೆ ತನ್ನಿ. ದಾಸವಾಳದ ಪಕ್ಕದಲ್ಲೇ, ನುಗ್ಗೆಯ ನೆರಳಲ್ಲಿ, ನಿಮ್ಮ ಎದೆಯೆತ್ತರಕ್ಕೆ ಕಟ್ಟಿ. ಹಕ್ಕಿ ಹೂವು ಹುಡುಕಿಕೊಂಡು ಬರುತ್ತದೆ, ಬಾಟಲಿ ಹುಡುಕಿಕೊಂಡು ಬರುವುದಿಲ್ಲ. ಹೂವಿಗೆ ಬಂದಾಗ ಪಕ್ಕದಲ್ಲಿ ಕೆಂಪಗೆ ಏನೋ ಕಂಡರೆ ಒಂದು ದಿನ ಕೊಕ್ಕು ಹಾಕಿ ನೋಡುತ್ತದೆ.

ಬೆಕ್ಕು ನೆಗೆಯಲು ಆಗುವಂಥ ಗೋಡೆ ಪಕ್ಕದಲ್ಲಿ ಇರಬಾರದು. ದೊಡ್ಡ ಗಾಜಿನ ಕಿಟಕಿ ಇದ್ದರೆ ಫೀಡರ್ ಒಂದೋ ಗಾಜಿಗೆ ತೀರಾ ಹತ್ತಿರ, ಒಂದು ಮೀಟರ್ ಒಳಗೆ ಇರಲಿ, ಇಲ್ಲವೇ ಹತ್ತು ಮೀಟರ್ ದೂರ ಇರಲಿ. ನಡುವಿನ ದೂರದಲ್ಲಿದ್ದರೆ ಹಕ್ಕಿ ಗಾಬರಿಯಾಗಿ ಹಾರುವಾಗ ಜೋರು ವೇಗದಲ್ಲಿ ಗಾಜಿಗೆ ಬಡಿದುಕೊಳ್ಳುತ್ತದೆ.

ಫೀಡರ್ ಬಗ್ಗೆಯೂ ಒಂದು ಮಾತು ಇದೆ. ಮಾರುಕಟ್ಟೆಯಲ್ಲಿ ಸಿಗುವ ಈ ಕೆಂಪು ಬಾಟಲಿಗಳನ್ನು ಹಮ್ಮಿಂಗ್‌ಬರ್ಡ್‌ಗಾಗಿ ಮಾಡಿದ್ದು. ಆ ಹಕ್ಕಿಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಅವು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕುಡಿಯುತ್ತವೆ. ನಮ್ಮ ಸೂರಕ್ಕಿಗೆ ಅದು ಒಂದೆರಡು ಕ್ಷಣ ಮಾತ್ರ ಸಾಧ್ಯ, ಅದಕ್ಕೆ ಕೂರಲು ಜಾಗ ಬೇಕು. ನಿಮ್ಮ ದಾಸವಾಳದ ಹತ್ತಿರ ಬೆಳಿಗ್ಗೆ ನಿಂತು ನೋಡಿ. ಸೂರಕ್ಕಿ ಹೂವಿನ ಬಾಯಿಗೆ ಹೋಗುವುದೇ ಕಡಿಮೆ. ತೊಟ್ಟಿನ ಹತ್ತಿರ ಕಾಲೂರಿ, ಮೈ ಬಾಗಿಸಿ, ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ ಮಕರಂದ ಎಳೆಯುತ್ತದೆ. ಆಮೇಲೆ ಆ ಹೂವನ್ನು ಕಿತ್ತು ನೋಡಿದರೆ ಬುಡದಲ್ಲಿ ಸಣ್ಣ ಸೀಳು ಕಾಣುತ್ತದೆ. ಅಂಥ ಹಕ್ಕಿಗೆ ಕೂರುವ ಕಡ್ಡಿ ಇಲ್ಲದ ಬಾಟಲಿ ಕೊಟ್ಟರೆ ಅದು ಸುತ್ತ ಎರಡು ಸುತ್ತು ಹಾರಿ ಹೋಗಿಬಿಡುತ್ತದೆ. ಪ್ರತಿ ತೂತಿನ ಮುಂದೆ ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಕಡ್ಡಿ ಕಟ್ಟಿ. ಬೇವಿನ ಒಣ ಕಡ್ಡಿಯೇ ಆಗುತ್ತದೆ.

ನಿಜ ಹೇಳಬೇಕೆಂದರೆ ನನಗೆ ಬಾಟಲಿಗಿಂತ ಡಬ್ಬಿ ಇಷ್ಟ. ಅಂಗೈಯಗಲದ, ಗಟ್ಟಿ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಮುಚ್ಚಳದಲ್ಲಿ ಮೂರು, ನಾಲ್ಕು ಮಿಲಿಮೀಟರಿನ ಎರಡು ಮೂರು ತೂತು ಮಾಡಿ, ಅಂಚು ಚೂಪಾಗಿ ಉಳಿಯದಂತೆ ಉಜ್ಜಿ. ತೂತಿನ ಸುತ್ತ ಕೆಂಪು ಟೇಪ್ ಅಂಟಿಸಿ. ಅಂಚಿನ ಉದ್ದಕ್ಕೆ ಕಡ್ಡಿ ಕಟ್ಟಿ, ಮೂರು ದಾರದಿಂದ ತೂಗುಹಾಕಿ. ನೀರು ಮುಚ್ಚಳಕ್ಕಿಂತ ಒಂದು ಸೆಂಟಿಮೀಟರ್ ಕೆಳಗಿರಲಿ. ಸೂರಕ್ಕಿಯ ಕೊಕ್ಕು ಎರಡು ಸೆಂಟಿಮೀಟರ್ ಹತ್ತಿರ ಇದೆ, ನಾಲಿಗೆ ಅದಕ್ಕಿಂತ ಮುಂದೆ ಚಾಚುತ್ತದೆ, ಅದಕ್ಕೆ ಸುಲಭವಾಗಿ ಎಟಕುತ್ತದೆ. ಜೇನುನೊಣಕ್ಕೆ ಎಟಕುವುದಿಲ್ಲ. ಗಾಳಿ ಹಿಗ್ಗಿ ಸೋರುವ ತೊಂದರೆಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಡಬ್ಬಿಯೊಳಗೆ ಕೈ ಹೋಗುತ್ತದೆ, ಮೂಲೆ ಮೂಲೆ ತಿಕ್ಕಬಹುದು. ಕೈ ಹೋಗದ, ಬ್ರಷ್ ಹೋಗದ ಫೀಡರ್ ಎಷ್ಟೇ ಚೆಂದ ಇರಲಿ, ಕೊಳ್ಳಬೇಡಿ.

ತೊಳೆಯುವುದು ಹೀಗೆ. ದಿನಾ ಬಿಸಿ ನೀರು ಹಾಕಿ ಬ್ರಷ್‌ನಿಂದ ತಿಕ್ಕಿದರೆ ಸಾಕು, ಸೋಪು ಬೇಡ. ಹಾಕಲೇಬೇಕು ಅನ್ನಿಸಿದರೆ ಒಂದೇ ಹನಿ ಹಾಕಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಒಂದು ಗಂಟೆ ನೆನೆಯಲು ಬಿಡಿ. ಗಡಸು ನೀರಿನ ಬಿಳಿ ಕಲೆಯೂ ಅದರಲ್ಲೇ ಬಿಡುತ್ತದೆ. ಬಾಟಲಿಯ ಕಿರಿದಾದ ಕತ್ತಿನಲ್ಲಿ ಬ್ರಷ್ ತಿರುಗದಿದ್ದರೆ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ಸ್ವಲ್ಪ ನೀರಿನ ಜೊತೆ ಹಾಕಿ ಚೆನ್ನಾಗಿ ಕುಲುಕಿ, ಒಳಗಿನ ಜಿಡ್ಡು ಬಿಡುತ್ತದೆ. ಆ ಕಾಳನ್ನು ಆಮೇಲೆ ಹೊರಗೆ ಎಸೆಯಿರಿ. ಈಗ ನಿಮ್ಮ ಬಾಟಲಿಯಲ್ಲಿ ಎದ್ದಿರುವ ಕಪ್ಪು ಚುಕ್ಕಿಗೆ ಇಷ್ಟು ಸಾಲದು. ಬಟ್ಟೆಗೆ ಹಾಕುವ ದ್ರವದ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ಹತ್ತು ನಿಮಿಷ ಮುಳುಗಿಸಿಡಿ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಒಟ್ಟಿಗೆ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಆಮೇಲೆ ನಾಲ್ಕೈದು ಸಲ ನೀರಲ್ಲಿ ಜಾಲಿಸಿ, ಬಿಸಿಲಿಗೆ ಒಣಗಲು ಇಡಿ. ನಮ್ಮೂರ ಬಿಸಿಲು ಈ ಕೆಲಸಕ್ಕೆ ಬಹಳ ಒಳ್ಳೆಯದು. ಇಷ್ಟಾದ ಮೇಲೂ ತೂತಿನ ಒಳಗೆ ಕಪ್ಪು ಉಳಿದರೆ ಆ ಬಾಟಲಿ ಬಿಸಾಡಿ. ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಯೋಚನೆ ಮಾಡಬೇಡಿ.

ಎರಡು ಫೀಡರ್ ಇಟ್ಟುಕೊಂಡರೆ ಅನುಕೂಲ. ಒಂದು ಒಣಗುತ್ತಿರುವಾಗ ಇನ್ನೊಂದು ಕೊಂಬೆಯಲ್ಲಿರುತ್ತದೆ.

ಇರುವೆಗೆ ಔಷಧಿ, ಲಕ್ಷ್ಮಣರೇಖೆ, ಗ್ರೀಸ್, ಎಣ್ಣೆ, ಇದ್ಯಾವುದನ್ನೂ ದಾರಕ್ಕೆ ಬಳಿಯಬೇಡಿ. ಗ್ರೀಸ್ ಹಕ್ಕಿಯ ಪುಕ್ಕಕ್ಕೆ ಹತ್ತಿದರೆ ಹೋಗುವುದಿಲ್ಲ. ಔಷಧಿಯಂತೂ ಸಕ್ಕರೆ ನೀರಿಗೇ ಇಳಿಯುತ್ತದೆ. ಸೀಸೆಯ ದೊಡ್ಡ ಮುಚ್ಚಳ ಒಂದನ್ನು ತಗೊಂಡು ನಡುವೆ ತೂತು ಮಾಡಿ, ಮೇಲಿನ ದಾರವನ್ನು ಅದರಲ್ಲಿ ಹಾಯಿಸಿ, ತೂತನ್ನು ಎಂ-ಸೀಲ್‌ನಿಂದ ಮುಚ್ಚಿ, ಅದರ ತುಂಬ ಬರೀ ನೀರು ಹಾಕಿ. ದಾರ ಹಿಡಿದು ಇಳಿಯುವ ಇರುವೆ ಆ ನೀರಿನ ಹತ್ತಿರ ನಿಂತು ವಾಪಸ್ಸು ಹೋಗುತ್ತದೆ. ಬೇಸಿಗೆಯಲ್ಲಿ ಆ ನೀರು ಮಧ್ಯಾಹ್ನದೊಳಗೆ ಆರಿಹೋಗುತ್ತದೆ, ನೋಡಿಕೊಂಡು ತುಂಬಿಸಬೇಕು. ಜೇನುನೊಣ ಬಂದರೆ ಅದನ್ನು ಓಡಿಸಲು ಹೊಗೆ ಗಿಗೆ ಹಾಕಲು ಹೋಗಬೇಡಿ. ನೀರಿನ ಟ್ಯಾಂಕಿಗೋ ಎತ್ತರದ ಕಟ್ಟಡಕ್ಕೋ ಹೆಜ್ಜೇನು ಕಟ್ಟಿದ್ದರೆ ಅದರ ತಂಟೆ ದೊಡ್ಡದು. ಎರಡು ದಿನ ಫೀಡರ್ ತೆಗೆದಿಡಿ. ಮತ್ತೆ ಇಡುವಾಗ ಹತ್ತು ಹೆಜ್ಜೆ ಆಚೆ, ಪೂರ್ತಿ ನೆರಳಲ್ಲಿ ಇಡಿ. ಹಳದಿ ಬಣ್ಣದ ಭಾಗ ಇದ್ದರೆ ಕಿತ್ತುಹಾಕಿ ಅಥವಾ ಕೆಂಪು ಬಳಿಯಿರಿ, ಹಳದಿ ಜೇನನ್ನು ಸೆಳೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹಕ್ಕಿ ತಕ್ಷಣ ಬರುತ್ತದೆ ಅಂತ ಹೇಳಲಾರೆ. ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ, ಬೂರುಗ, ಹಾಲುವಾಣ ಹೂ ಬಿಟ್ಟಾಗ ಸೂರಕ್ಕಿಗಳಿಗೆ ಹಬ್ಬ. ಚಿಂಚೋಳಿ ಕಾಡಿನ ಕಡೆ ಹೋದರೆ ಆಗ ಮುತ್ತುಗದ ಮರದಲ್ಲಿ ಎಲೆಗಿಂತ ಹೂವೇ ಜಾಸ್ತಿ, ಹೂವಿನ ತುಂಬ ಹಕ್ಕಿ. ಆ ಹೊತ್ತಿನಲ್ಲಿ ನಿಮ್ಮ ಸಕ್ಕರೆ ನೀರು ಯಾರಿಗೂ ಬೇಕಾಗುವುದಿಲ್ಲ. ಏಪ್ರಿಲ್ ಕೊನೆಗೆ ಹೂವು ಕಡಿಮೆಯಾದಾಗ ಬರುವ ಸಾಧ್ಯತೆ ಹೆಚ್ಚು. ಬಂದರೆ ಬಹುಶಃ ಮೊದಲು ಬರುವುದು ಗಂಡು. ಬಿಸಿಲು ಬಿದ್ದಾಗ ನೀಲಿ, ನೇರಳೆ ಮಿಂಚುವ ಕಪ್ಪು ಮೈಯದ್ದು ಒಂದು ಜಾತಿ. ಕಂದುಗೆಂಪು ಬೆನ್ನು, ಹಳದಿ ಹೊಟ್ಟೆಯದ್ದು ಇನ್ನೊಂದು. ಹೆಣ್ಣು ಎರಡರಲ್ಲೂ ಮಂಕು ಬಣ್ಣದ್ದು. ಕಪ್ಪು ಜಾತಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆಯೇ ಮಂಕಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ. ಆಗ ಅದಕ್ಕೆ ಕಾಯಿಲೆ ಬಂದಿದೆ ಅಂತ ಹೆದರಬೇಡಿ.

ಸೂರಕ್ಕಿ ಜಗಳಗಂಟ ಹಕ್ಕಿ. ಒಂದು ಗಂಡು ಫೀಡರ್ ತನ್ನದು ಅಂತ ಕಾವಲು ಕೂತರೆ ಬೇರೆಯವಕ್ಕೆ ಹತ್ತಿರ ಬಿಡುವುದಿಲ್ಲ. ಎರಡನೇ ಫೀಡರ್ ಅನ್ನು ಮನೆಯ ಇನ್ನೊಂದು ಮಗ್ಗುಲಿಗೆ, ಅದರ ಕಣ್ಣಿಗೆ ಬೀಳದ ಕಡೆ ಕಟ್ಟಿ. ಬುಲ್‌ಬುಲ್, ಅಳಿಲು ಬಂದರೂ ಬರಬಹುದು. ಬುಲ್‌ಬುಲ್‌ಗಳಿಗೆ ಬೇರೆಯಾಗಿ ಒಂದು ಹೋಳು ಪಪ್ಪಾಯಿ ಇಟ್ಟರೆ ಅವು ಅತ್ತ ಹೋಗುತ್ತವೆ.

ಫೀಡರ್‌ಗಿಂತ ಮುಖ್ಯವಾದ ಎರಡು ಕೆಲಸ ಇದೆ. ಒಂದು, ನೀರು. ಮಣ್ಣಿನ ಅಗಲ ತಟ್ಟೆಯಲ್ಲಿ ಎರಡು ಬೆರಳು ಆಳದಷ್ಟು ಬರೀ ನೀರು, ನಡುವೆ ಒಂದು ಕಲ್ಲು, ನೆರಳಲ್ಲಿ. ಗುಬ್ಬಿ, ಗೊರವಂಕ, ಬುಲ್‌ಬುಲ್ ಎಲ್ಲಕ್ಕೂ ಆಯಿತು. ಸೊಳ್ಳೆ ಮರಿ ಆಗದಂತೆ ದಿನಾ ಚೆಲ್ಲಿ ಹೊಸದು ಹಾಕಿ. ಸೂರಕ್ಕಿ ತಟ್ಟೆಗೆ ಇಳಿದು ಮೀಯುವುದು ಅಪರೂಪ. ಅದಕ್ಕೆ ಒದ್ದೆ ಎಲೆ ಬೇಕು. ಬೆಳಿಗ್ಗೆ ದಾಸವಾಳದ ಎಲೆ ಮೇಲೆ ಪೈಪಿನಿಂದ ನೀರು ಚಿಮುಕಿಸಿ ಸ್ವಲ್ಪ ದೂರ ನಿಲ್ಲಿ. ಎಲೆ ಮೇಲೆ ನಿಂತ ಹನಿಗೆ ಮೈ ಒರಸಿಕೊಂಡು, ಜಾರಿ ಕೆಳಗಿನ ಎಲೆಗೆ ಬಿದ್ದು, ರೆಕ್ಕೆ ಕೊಡವಿ ಮತ್ತೆ ಮೇಲೆ ಹತ್ತುತ್ತದೆ. ಒಮ್ಮೆ ನೋಡಿದರೆ ನೀವು ದಿನಾ ನೀರು ಚಿಮುಕಿಸುತ್ತೀರಿ.

ಎರಡನೆಯದು ಗಿಡ. ಲೋಳೆಸರ ಕುಂಡದಲ್ಲೇ ಬೆಳೆಯುತ್ತದೆ, ನೀರು ಕೇಳುವುದಿಲ್ಲ, ಹೂಗೊನೆ ಬಿಟ್ಟರೆ ಸೂರಕ್ಕಿ ಅದರ ಮೇಲೆಯೇ ಕೂತು ಒಂದೊಂದೇ ಕೊಳವೆಗೆ ಕೊಕ್ಕು ಹಾಕುತ್ತದೆ. ಆಡುಸೋಗೆ, ದಾಳಿಂಬೆ, ನರ್ಸರಿಯಲ್ಲಿ ಸಿಗುವ ಹ್ಯಾಮೆಲಿಯಾ, ಎಲ್ಲ ನಮ್ಮ ಎರೆಮಣ್ಣಿಗೆ, ಬಿಸಿಲಿಗೆ ತಡೆಯುತ್ತವೆ. ಬೇಸಿಗೆಯಲ್ಲಿ ಹೊಸ ಗಿಡ ಊರಿದರೆ ಬದುಕಿಸುವುದು ಕಷ್ಟ, ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಹಚ್ಚಿ. ಆ ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಸೂರಕ್ಕಿಯ ಮರಿ ಬೆಳೆಯುವುದು ಸಕ್ಕರೆಯಿಂದ ಅಲ್ಲ, ಸಣ್ಣ ಹುಳು, ಜೇಡಗಳಿಂದ. ಗೂಡು ಕಟ್ಟಲೂ ಜೇಡರ ಬಲೆ ಬೇಕು. ಹೆಣ್ಣು ಆ ಎಳೆಯಿಂದ ಒಣ ಹುಲ್ಲು, ತೊಗಟೆ ಚೂರು, ಕಸ ಎಲ್ಲ ಸೇರಿಸಿ ಚೀಲದಂತೆ ತೂಗುವ ಗೂಡು ಹೆಣೆಯುತ್ತದೆ, ಬಾಗಿಲ ಮೇಲೆ ಸಣ್ಣ ಸೂರೂ ಇಳಿಬಿಡುತ್ತದೆ. ಕೆಲವೊಮ್ಮೆ ಪಡಸಾಲೆಯ ವೈರಿಗೇ ಕಟ್ಟುತ್ತದೆ. ಹಾಗೆ ಕಟ್ಟಿದರೆ ಒಂದು ತಿಂಗಳು ಆ ವೈರು ಮುಟ್ಟದಿರಿ, ಧೂಳು ಹೊಡೆಯುವ ಕೆಲಸ ಮುಂದಕ್ಕೆ ಹಾಕಿ. ಗೂಡಿನ ಹತ್ತಿರ ಫೀಡರ್ ಕಟ್ಟಬೇಡಿ, ಜಗಳಕ್ಕೆ ಬರುವ ಬೇರೆ ಹಕ್ಕಿ, ಇರುವೆ ಎಲ್ಲ ಅತ್ತಲೇ ಸೇರುತ್ತವೆ. ಮರಿ ಕೆಳಗೆ ಬಿದ್ದರೆ ಬಾಯಿಗೆ ಸಕ್ಕರೆ ನೀರು ಹಾಕಬೇಡಿ, ಮೆಲ್ಲಗೆ ಎತ್ತಿ ಗೂಡಿಗೋ ಹತ್ತಿರದ ಕೊಂಬೆಗೋ ಸೇರಿಸಿ ದೂರ ಸರಿಯಿರಿ, ತಾಯಿ ಬರುತ್ತದೆ.

ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಫೀಡರ್ ಪಕ್ಕದಲ್ಲೇ ತೂಕಡಿಸುವ ಹಕ್ಕಿ ಕಂಡರೆ ಫೀಡರ್ ಇಳಿಸಿ, ಬ್ಲೀಚಿನಲ್ಲಿ ತೊಳೆದು, ಎರಡು ವಾರ ಇಡಬೇಡಿ. ಕಾಯಿಲೆ ಒಂದರಿಂದ ಒಂದಕ್ಕೆ ಹರಡುವುದು ಹೀಗೆ ಎಲ್ಲವೂ ಒಂದೇ ತೂತಿಗೆ ಕೊಕ್ಕು ಹಾಕುವ ಕಡೆಯೇ.

ಊರಿಗೆ ಹೋಗುವುದಿದ್ದರೆ ಫೀಡರ್ ತುಂಬಿಸಿಟ್ಟು ಹೋಗಬೇಡಿ. ಖಾಲಿ ಮಾಡಿ, ತೊಳೆದು, ಒಳಗಿಟ್ಟು ಹೋಗಿ. ಪಾಪ, ಹಕ್ಕಿ ಉಪವಾಸ ಬೀಳುತ್ತದೇನೋ ಅನ್ನುವ ಚಿಂತೆ ಬೇಡ, ಅದು ದಿನವಿಡೀ ನೂರಾರು ಹೂವು ಸುತ್ತುತ್ತದೆ, ನಿಮ್ಮದು ಅದರಲ್ಲಿ ಒಂದು ಮಾತ್ರ. ಪಕ್ಕದ ಮನೆಯವರಿಗೆ ಹೇಳುವುದಾದರೆ ನೀರಿನ ತಟ್ಟೆ ತುಂಬಿಸಲು ಹೇಳಿ ಹೋಗಿ.